ಇಳಿಯದ ತುತ್ತು

ಭಾನುವಾರದ ಮಧ್ಯಾಹ್ನ ಜೈಲಿನಲ್ಲಿ ದನದ ಮಾಂಸ ಕೊಡುತ್ತಿದ್ದರು. ಬೇಯಿಸಿ ಬೇಯಿಸಿ ನಾರುನಾರಾದ ಮಾಂಸ, ಅದರ ಮೇಲೆ ಹಾಲು ಹಾಕಿ ಕುದಿಸಿದ ಬಿಳಿ ಗ್ರೇವಿ, ಪಕ್ಕದಲ್ಲಿ ಮೆಕ್ಕೆಜೋಳದ ರೊಟ್ಟಿ. ಉಳಿದವರೆಲ್ಲ ವಾರವಿಡೀ ಕಾಯುತ್ತಿದ್ದ ಆ ಊಟವನ್ನು ಕಂಡರೆ ಡೆಲ್ಬರ್ಟ್ ಪ್ರೇಟರ್‌ಗೆ ಭಯ. ಅವನು ಪ್ರತಿ ತುತ್ತನ್ನೂ ಉಗುರಿನಷ್ಟು ಮಾಡಿಕೊಂಡು, ಅಗಿದು ಅಗಿದು ರಸ ಮಾಡಿ, ಮೇಲೊಂದು ಗುಟುಕು ನೀರು ಕುಡಿದು ಕೆಳಕ್ಕೆ ದಬ್ಬಬೇಕಿತ್ತು. ಅವನಿಗೆ ಬುದ್ಧಿ ತಿಳಿದಾಗಿನಿಂದ ಊಟವೆಂದರೆ ಅದೇ.

"ಏನಲೇ ಪ್ರೇಟರ್, ಹೊಸ ಮದುವಣಗಿತ್ತಿ ಹಂಗೆ ತಿಂತೀಯ!" ಎದುರು ಮೇಜಿನಿಂದ ಕಿರ್ಬಿ ಮಲಿನ್ಸ್ ಕೂಗಿದ. ಆ ಬ್ಯಾರಕ್ಕಿನಲ್ಲಿ ಮಲಿನ್ಸ್ ಹೇಳಿದ್ದೇ ಕಾನೂನು. ಅವನು ನಕ್ಕರೆ ಸುತ್ತಲಿನವರೆಲ್ಲ ನಗಬೇಕು, ನಕ್ಕರು.

ಪ್ರೇಟರ್ ಜೈಲಿಗೆ ಬಂದದ್ದೂ ಇಂಥದೇ ಒಂದು ನಗುವಿನಿಂದ. ಕೆಂಟಕಿಯ ಗುಡ್ಡಗಳಲ್ಲಿ ಕಲ್ಲಿದ್ದಲಿನ ಲಾರಿ ಓಡಿಸುತ್ತಿದ್ದವನು ಅವನು. ಒಂದು ದಿನ ಹೋಟೆಲಿನಲ್ಲಿ ಗಂಟಲಿಗೆ ಸಿಕ್ಕ ಮಾಂಸವನ್ನು ಮೇಜಿನ ಮೇಲೇ ಕಕ್ಕಿದ್ದ. ಪಕ್ಕದ ಮೇಜಿನವನು ಮೂಗು ಮುಚ್ಚಿಕೊಂಡು ನಕ್ಕ. ಪ್ರೇಟರ್ ಕುರ್ಚಿ ಎತ್ತಿ ಅವನ ದವಡೆ ಮುರಿದ. ಎರಡನೇ ಏಟನ್ನು ಹೊಡೆಯದಿದ್ದರೆ ಶಿಕ್ಷೆ ಕಡಿಮೆಯಾಗುತ್ತಿತ್ತೇನೋ.

"ಸಮಯ ಆಯ್ತು, ಏಳಿ ಏಳಿ!" ವಾರ್ಡರ್ ಸ್ಟಿಡಮ್ ಲಾಠಿಯಿಂದ ಮೇಜು ಕುಟ್ಟುತ್ತ ಬಂದ. ಹಸಿದ ಹೊಟ್ಟೆಯಲ್ಲಿ ಏಳಲು ಮನಸ್ಸಾಗದೆ ಪ್ರೇಟರ್ ಉಳಿದ ಮಾಂಸವನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡು ನುಂಗಿದ.

ಅದು ಎದೆಯ ನಡುವೆ ಬಂದು ನಿಂತಿತು. ಉಸಿರು ಓಡಾಡುತ್ತಿತ್ತು, ಆದರೆ ಕೆಳಗಿನ ದಾರಿಗೆ ಬೀಗ ಬಿದ್ದಿತ್ತು. ನೀರು ಕುಡಿದ, ನೀರು ಹಿಂದಕ್ಕೇ ಬಂತು. ಬಾಯಿಯಲ್ಲಿ ಜೊಲ್ಲು ಊರಿ ಊರಿ ತುಂಬಿತು. ತುಟಿ ಬಿಗಿಹಿಡಿದು, ಕೈಯನ್ನು ಎದೆಗೊತ್ತಿ, ತಲೆ ಬಗ್ಗಿಸಿ ಎದ್ದು ನಿಂತ.

ಜೈಲಿನಲ್ಲಿ ಹೀಗೆ ಬಾಯಿ ಮುಚ್ಚಿಕೊಂಡು ನಿಂತರೆ ಒಂದೇ ಅರ್ಥ. ಸ್ಟಿಡಮ್ ಓಡಿ ಬಂದ. "ಏನು ನುಂಗ್ದೆ? ಬಾಯಿ ತೆಗಿ! ಡ್ರಗ್ಸ್ ಪೊಟ್ಟಣ ನುಂಗ್ತೀಯಾ ನನ್ನ ಕಣ್ಮುಂದೇನೇ?"

ಪ್ರೇಟರ್ ತಲೆಯಾಡಿಸಿದ. ಸ್ಟಿಡಮ್ ಅವನ ದವಡೆ ಹಿಡಿದು ಎರಡು ಬೆರಳು ಒಳಗೆ ತುರುಕಿದ. ಹೊಟ್ಟೆಯಿಂದ ಓಕರಿಕೆ ಎದ್ದು ಬಂತು, ಹಲ್ಲುಗಳು ತಾವಾಗಿ ಕಚ್ಚಿಕೊಂಡವು. ಸ್ಟಿಡಮ್ ಕಿರುಚಿದ. ಮರುಗಳಿಗೆಯಲ್ಲಿ ನಾಲ್ವರು ವಾರ್ಡರುಗಳು ಪ್ರೇಟರ್ ಮೈಮೇಲಿದ್ದರು. ಕಣ್ಣಿಗೆ ಖಾರದ ಸ್ಪ್ರೇ ಬಿತ್ತು. ಬೆನ್ನ ಮೇಲೆ ಯಾರದೋ ಮಂಡಿ, ಕತ್ತಿನ ಮೇಲೆ ಬೂಟು. ಎಡಗೈಯನ್ನು ಹಿಂದಕ್ಕೆ ತಿರುಚಿದರು, ಇನ್ನೂ ತಿರುಚಿದರು. ಒಣ ಸೌದೆ ಲಟಕ್ಕೆಂದ ಹಾಗೆ ಒಂದು ಸದ್ದು. ಊಟದ ಮನೆಯ ಕೈದಿಗಳೆಲ್ಲ ತಟ್ಟೆ ಬಡಿದು ಕೇಕೆ ಹಾಕುತ್ತಿದ್ದರು.

ಅವನನ್ನು ನೀರಿಲ್ಲದ ಕೋಣೆಗೆ ಹಾಕಿದರು. ಅಲ್ಲಿ ನಲ್ಲಿಯಿಲ್ಲ, ಒಂದು ಬಕೆಟ್ಟು ಮಾತ್ರ. ಮೇಲಿನಿಂದ ಹೋದ ಪೊಟ್ಟಣ ಕೆಳಗಿನಿಂದ ಬರುವ ತನಕ ಕೈದಿಯನ್ನು ಅಲ್ಲಿ ಕೂರಿಸಿ ಕಾಯುವುದು ಪದ್ಧತಿ. ಕೈಗೆ ಒಂದು ಪಟ್ಟಿ ಸುತ್ತಿ, ನೋವಿನ ಮಾತ್ರೆ ಎಸೆದು ಹೋದರು. ಮಾತ್ರೆಯೂ ಇಳಿಯಲಿಲ್ಲ. ಅವನು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಜೊಲ್ಲು ಉಗುಳುತ್ತಲೇ ಇದ್ದ. ಉಗುಳದಿದ್ದರೆ ಅದೇ ಶ್ವಾಸಕ್ಕೆ ನುಗ್ಗುತ್ತಿತ್ತು.

ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡ ಸ್ಟಿಡಮ್ ಕಿಂಡಿಯಲ್ಲಿ ಇಣುಕಿದ. "ಬಂತೇನೋ ನಿನ್ನ ಮಾಲು?"

"ಮಾಂಸ... ಸಾರ್. ಗಂಟಲಲ್ಲಿ ಮಾಂಸ ಸಿಕ್ಕಿದೆ."

"ಉಸಿರಾಡ್ತಿದೀಯಲ್ಲ? ಸಿಕ್ಕಿದ್ರೆ ಇಷ್ಟೊತ್ತಿಗೆ ಹೆಣ ಆಗಿರ್ತಿದ್ದೆ. ಯಾರಿಗೆ ಹೇಳ್ತೀಯ ಕಥೆ!"

ಮಾರನೆಯ ದಿನ ಬಕೆಟ್ಟಿನಲ್ಲಿ ಜೊಲ್ಲಿನ ಜೊತೆ ರಕ್ತ ಕಾಣಿಸಿತು. ಕೈದಿ ಸತ್ತರೆ ತನಿಖೆಯ ರಗಳೆ. ಬೇಡಿ ತೊಡಿಸಿ ಊರ ಆಸ್ಪತ್ರೆಗೆ ಸಾಗಿಸಿದರು.

ಎಚ್ಚರವಾದಾಗ ಕೈಗೆ ಪ್ಲಾಸ್ಟರು ಬಿದ್ದಿತ್ತು, ಕಾಲು ಮಂಚದ ಕಂಬಿಗೆ ಸರಪಳಿಯಲ್ಲಿತ್ತು. ಗಂಟಲು ಉರಿಯುತ್ತಿದ್ದರೂ ಜೊಲ್ಲು ಕೆಳಗಿಳಿಯಿತು. ಮಂಚದ ಪಕ್ಕದಲ್ಲಿ ಡಾಕ್ಟರ್ ವರ್ನಾ ಕಾಡಿಲ್ ನಿಂತಿದ್ದಳು. ಅದೇ ಗುಡ್ಡದ ಸೀಮೆಯವಳು, ಐವತ್ತು ದಾಟಿದವಳು, ಮಾತು ಖಡಕ್ಕು. ಸ್ಟೀಲಿನ ಬಟ್ಟಲೊಂದನ್ನು ಬಾಗಿಲ ಬಳಿಯಿದ್ದ ಸ್ಟಿಡಮ್‌ನ ಮೂಗಿನಡಿ ಹಿಡಿದಳು. ಅದರಲ್ಲಿ ಬೂದು ಬಣ್ಣದ ಮಾಂಸದ ಮುದ್ದೆ. "ನೀವು ಹುಡುಕ್ತಿದ್ದ ಪೊಟ್ಟಣ. ತಗೊಂಡು ಹೋಗ್ತೀರಾ?" ಸ್ಟಿಡಮ್ ಮುಖ ತಿರುಗಿಸಿದ.

ಆಮೇಲೆ ಅವಳು ಪ್ರೇಟರ್ ಕಡೆ ಬಂದಳು. "ಕ್ಯಾಮರಾ ಬಿಟ್ಟು ನೋಡಿದೆ. ನಿಮ್ಮ ಅನ್ನನಾಳ ಒಳಗಡೆ ಬಳೆ ಬಳೆ ಆಗಿ, ಕಿರುಬೆರಳಷ್ಟು ಕಿರಿದಾಗಿದೆ. ಎಷ್ಟು ದಿನದಿಂದ ಹೀಗೆ ತುತ್ತು ಸಿಕ್ಕೋದು?"

"ಚಿಕ್ಕಂದಿನಿಂದ, ಮೇಡಂ."

"ಯಾರಿಗೂ ತೋರಿಸಲಿಲ್ವ?"

"ಕಾಯಿಲೆ ಅಂತ ಗೊತ್ತಿದ್ರೆ ತಾನೆ? ನಂಗೆ ಪೊಗರು ಅಂತಿದ್ದ ಅಪ್ಪ. ನಾನೂ ಅದೇ ನಿಜ ಅಂದ್ಕೊಂಡಿದ್ದೆ."

ಅನ್ನನಾಳದ ಗೋಡೆಯಿಂದ ಅಲ್ಲಲ್ಲಿ ಚಿಟಿಕೆಯಷ್ಟು ಕಿತ್ತು ಪರೀಕ್ಷೆಗೆ ಕಳಿಸಿದ್ದಳು. ಕೈಯ ಊತ ಇಳಿಯುವ ಮುನ್ನವೇ ಉತ್ತರ ಬಂತು. ಕಾಡಿಲ್ ಕುರ್ಚಿ ಎಳೆದುಕೊಂಡು ಕೂತಳು.

"ಇಯೊಸಿನೊಫಿಲ್ ಅಂತ ಒಂದು ಜಾತಿ ಬಿಳಿ ರಕ್ತಕಣ. ಹೊಟ್ಟೇಲಿ ಹುಳು ಸೇರಿದ್ರೆ ಬಡಿಯೋಕೆ ದೇವರು ಇಟ್ಟಿರೋ ಪಡೆ ಅಂತಿಟ್ಕೊಳ್ಳಿ. ಕರುಳಲ್ಲಿ ಒಂದಿಷ್ಟು ಇರ್ತವೆ, ಅನ್ನನಾಳದಲ್ಲಿ ಅವುಕ್ಕೆ ಕೆಲಸ ಇಲ್ಲ. ನಿಮ್ಮಲ್ಲಿ ಗುಂಪುಗುಂಪಾಗಿ ಕೂತಿವೆ. ಯಾವುದೋ ಆಹಾರಾನ ಶತ್ರು ಅಂದ್ಕೊಂಡು ನುಗ್ಗಿ ಬರ್ತವೆ. ಶತ್ರು ಇಲ್ಲ, ಅದಕ್ಕೇ ಗೋಡೇನೇ ಬಡೀತವೆ. ಬಡಿದೂ ಬಡಿದೂ ಗೋಡೆ ಗಾಯ ಆಗಿ ಗಟ್ಟಿಯಾಗಿದೆ."

"ಯಾವ ಆಹಾರ?"

"ಹೆಚ್ಚಾಗಿ ಹಾಲು. ಆಮೇಲೆ ಗೋಧಿ, ಮೊಟ್ಟೆ, ಸೋಯಾ. ಮೊದಲು ಹಾಲು ನಿಲ್ಸೋಣ. ಹಾಲು ಅಂದ್ರೆ ಬೆಣ್ಣೆ, ಚೀಸು, ಗ್ರೇವಿ ಎಲ್ಲಾ ಸೇರಿ. ಜೊತೆಗೆ ಒಂದು ಗಟ್ಟಿ ಔಷಧಿ ಕೊಡ್ತೀನಿ, ಗೋಡೆಗೆ ಅಂಟ್ಕೋಬೇಕು. ನುಂಗಿದ ಮೇಲೆ ಅರ್ಧ ಗಂಟೆ ಹನಿ ನೀರೂ ಮುಟ್ಟಬೇಡಿ. ಎರಡು ಮೂರು ತಿಂಗಳಾದ ಮೇಲೆ ಮತ್ತೆ ಕ್ಯಾಮರಾ ಬಿಟ್ಟು ನೋಡ್ತೀನಿ. ಪೂರ್ತಿ ಹೋಗೋ ಕಾಯಿಲೆ ಅಲ್ಲ, ಹತೋಟೀಲಿ ಇಡೋ ಕಾಯಿಲೆ." ಸ್ವಲ್ಪ ತಡೆದು ಕೇಳಿದಳು, "ನಿಮ್ಮ ಮನೇಲಿ ಬೇರೆ ಯಾರಾದ್ರೂ ಹೀಗೆ ಇದ್ರಾ? ತುತ್ತಿಗೊಂದು ಗುಟುಕು ಕುಡಿಯೋರು, ಊಟದ ಮಧ್ಯ ಎದ್ದು ಹೋಗೋರು?"

ಪ್ರೇಟರ್ ಅಪ್ಪನ ವಿಷಯ ಹೇಳತೊಡಗಿದ.

ಅವನ ಅಪ್ಪ ಹಾರ್ಲನ್ ಪ್ರೇಟರ್ ಗಣಿ ಕೆಲಸದವನು. ಊಟದ ಮೇಜಿನ ಮೇಲೆ ಅವನ ಬಲಗಡೆ ಮಜ್ಜಿಗೆಯ ಹೂಜಿ, ಎಡಗಡೆ ಸುತ್ತಿಟ್ಟ ಸೊಂಟದ ಬೆಲ್ಟು. ತುತ್ತಿಗೊಂದು ಗುಟುಕು ಮಜ್ಜಿಗೆ. ಡೆಲ್ಬರ್ಟ್ ನಿಧಾನ ಮಾಡಿದರೆ ಒಂದು ಏಟು, ಉಗುಳಿದರೆ ಎರಡು. ಒಮ್ಮೆ ಅಪ್ಪ ಮಾಂಸದ ತುಂಡನ್ನು ಹೆಬ್ಬೆರಳಿನಿಂದ ಅವನ ಗಂಟಲಿಗೆ ಒತ್ತಿ, "ನುಂಗು! ನಾನು ನುಂಗಲ್ವಾ? ನಂಗೇನು ಸುಖವಾಗಿ ಇಳಿಯುತ್ತೆ ಅಂದ್ಕೊಂಡ್ಯಾ?" ಎಂದು ಗರ್ಜಿಸಿದ್ದ. ಆ ಮಾತಿನ ಅರ್ಥ ಅಂದು ಯಾರಿಗೂ ಆಗಿರಲಿಲ್ಲ. ಡೆಲ್ಬರ್ಟ್‌ಗೆ ಹದಿನಾರಿರುವಾಗ ಅಪ್ಪ ಊಟದ ನಡುವೆ ಎದ್ದು ಕೊಟ್ಟಿಗೆಯ ಹಿಂದೆ ಹೋಗಿ ಓಕರಿಸಿದ, ಓಕರಿಸುತ್ತಲೇ ಇದ್ದ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ನೆಲಕ್ಕುರುಳಿ, ಕಡಿದ ಹಂದಿಯ ಹಾಗೆ ಅರಚಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನೀಲಿಯಾಗಿದ್ದ. ಕುಡಿತ ತೆಗೆದುಕೊಂಡು ಹೋಯಿತು ಎಂದರು ಊರವರು.

ಕಾಡಿಲ್ ಪೂರ್ತಿ ಕೇಳಿದಳು. "ಕಕ್ಕೋ ರಭಸಕ್ಕೆ ಅನ್ನನಾಳ ಹರಿಯೋದುಂಟು. ನಾನು ಅವರನ್ನ ನೋಡಿದವಳಲ್ಲ, ಹೀಗೇ ಅಂತ ಹೇಳೋಕಾಗಲ್ಲ. ಆದ್ರೆ ಈ ಕಾಯಿಲೆ ವಂಶದಲ್ಲಿ ಹರಿಯುತ್ತೆ. ನಿಮಗೆ ಮಕ್ಕಳಿದಾರಾ?"

"ಒಬ್ಳು ಮಗಳು. ಶೆಲ್ಬಿ."

"ಹೇಗೆ ತಿಂತಾಳೆ?"

ಶೆಲ್ಬಿ ತುತ್ತನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು ಕೂರುತ್ತಿದ್ದಳು. ಹೊಟ್ಟೆನೋವು ಎಂದು ಅಳುತ್ತಿದ್ದಳು. ಐದು ವರ್ಷದವಳು, ಮೂರರವಳ ಹಾಗೆ ಕಾಣುತ್ತಿದ್ದಳು. ಒಂದು ಸಂಜೆ ಅವನು ಮೇಜಿನಿಂದೆದ್ದು ಆ ಉಬ್ಬಿದ ಕೆನ್ನೆಗೆ ಬೀಸಿ ಹೊಡೆದಿದ್ದ. ಅಗಿದ ರೊಟ್ಟಿ, ರಕ್ತ, ಒಂದು ಹಾಲುಹಲ್ಲು ತಟ್ಟೆಗೆ ಬಿದ್ದಿದ್ದವು. ಮರುದಿನವೇ ಹೆಂಡತಿ ಲೀಟಾ ಮಗುವನ್ನೆತ್ತಿಕೊಂಡು ತವರಿಗೆ ಹೋಗಿ ವಿಚ್ಛೇದನ ತೆಗೆದುಕೊಂಡಳು. ಅದಾಗಿ ನಾಲ್ಕು ವರ್ಷ.

"ನೀವೇ ಒಂದು ಫೋನ್ ಮಾಡಿ ಮೇಡಂ, ನನ್ನ ಹೆಸ್ರು ಹೇಳಿ," ಎಂದ ಕೊನೆಗೆ. ಕಾಡಿಲ್ ಅವನ ಎದುರೇ ಮಾಡಿದಳು. 'ಡೆಲ್ಬರ್ಟ್' ಎಂಬ ಹೆಸರು ಕಿವಿಗೆ ಬೀಳುತ್ತಿದ್ದಂತೆ ಲೀಟಾ ಫೋನ್ ಕುಕ್ಕಿದಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಜೈಲಿಗೆ ಮರಳಿದ ಮೇಲೆ ಔಷಧಿಯೇ ಒಂದು ಯುದ್ಧವಾಯಿತು. ನರ್ಸ್ ಕೊಟ್ಟ ಗಟ್ಟಿ ಔಷಧಿಯನ್ನು ಅವನು ನುಂಗುತ್ತಿದ್ದಂತೆ ಸ್ಟಿಡಮ್ ನೀರಿನ ಲೋಟ ಚಾಚುತ್ತಿದ್ದ. "ಕುಡಿ. ಕುಡಿದು ಬಾಯಿ ತೋರ್ಸು. ಇಲ್ಲಿ ಎಲ್ಲರಿಗೂ ಒಂದೇ ರೂಲ್ಸು."

"ಕುಡಿದ್ರೆ ಔಷಧಿ ತೊಳೆದು ಹೋಗುತ್ತೆ ಸಾರ್. ಡಾಕ್ಟ್ರು ಬೇಡ ಅಂದಿದಾರೆ."

"ಡಾಕ್ಟ್ರು ಅಲ್ಲಿ. ಇಲ್ಲಿ ನಾನು."

ಪ್ರೇಟರ್ ಆ ನೀರನ್ನು ಸ್ಟಿಡಮ್‌ನ ಮುಖಕ್ಕೇ ಎರಚಿದ. ಲಾಠಿ ಪ್ಲಾಸ್ಟರಿನ ಮೇಲೆ ಬಿತ್ತು, ಆಮೇಲೆ ಮೊಣಕಾಲಿಗೆ, ಆಮೇಲೆ ಬಿದ್ದವನ ಬೆನ್ನಿಗೆ. ಮಾರನೆಯ ದಿನವೂ ಸ್ಟಿಡಮ್ ಲೋಟ ಚಾಚಿದ, ಪ್ರೇಟರ್ ಎರಚಿದ, ಪೆಟ್ಟು ತಿಂದ. ಮತ್ತೊಂದು ದಿನ ಅವನು ಕುಂಟುತ್ತ ಸಾಲಿಗೆ ಬಂದಾಗ ನರ್ಸ್ ನೋಡಲಾರದೆ ಕಾಡಿಲ್‌ಗೆ ಫೋನ್ ಮಾಡಿದಳು. ಕಾಡಿಲ್ ಸೂಪರಿಂಟೆಂಡೆಂಟ್ ಜೊತೆ ಏನು ಮಾತಾಡಿದಳೋ, ನೀರಿನ ಲೋಟ ನಿಂತಿತು. ಅಂದಿನಿಂದ ಪ್ರೇಟರ್ ನರ್ಸಿನ ಕಣ್ಣೆದುರು ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಏಳುತ್ತಿದ್ದ.

ಹಾಲೂ ನಿಂತಿತು. ಅದರಿಂದ ಇನ್ನೊಂದು ಪೇಚು. ಬ್ಯಾರಕ್ಕಿನ ಗೋಡೆಯ ಫೋನು ಮಲಿನ್ಸ್‌ನ ಜಹಗೀರು. ಅವನಿಗೆ ಕಪ್ಪ ಕೊಡದೆ ಯಾರೂ ಫೋನ್ ಮುಟ್ಟುವಂತಿರಲಿಲ್ಲ, ಪ್ರೇಟರ್‌ನ ಕಪ್ಪವೆಂದರೆ ಬೆಳಗಿನ ಹಾಲಿನ ಡಬ್ಬಿ. ಮೊದಲೆಲ್ಲ ವಾರಕ್ಕೊಮ್ಮೆ ಡಬ್ಬಿ ಕೊಟ್ಟು ಅವ್ವನಿಗೆ ಫೋನ್ ಮಾಡುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಅವ್ವ ಸತ್ತ ಮೇಲೆ ಮಾಡಲು ಯಾರೂ ಇರಲಿಲ್ಲ. ಈಗ ಲೀಟಾಗೆ ಮಾಡಲೇಬೇಕಾಗಿತ್ತು, ಕೊಡಲು ಹಾಲಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅವನು ನೆಟ್ಟಗೆ ಫೋನಿನ ಹತ್ತಿರ ಹೋದ. ಮಲಿನ್ಸ್ ಇಬ್ಬರು ಚೇಲಾಗಳ ಜೊತೆ ಬೆಂಚಿನ ಮೇಲೆ ಕೂತು ಇಸ್ಪೀಟು ಕಲೆಸುತ್ತಿದ್ದ.

"ಹಾಲೆಲ್ಲೋ?"

"ಡಾಕ್ಟ್ರು ನಿಲ್ಸಿದಾರೆ. ಇದೊಂದು ಸಲ ಬಿಡು ಮಲಿನ್ಸ್. ಮಗು ವಿಷ್ಯ."

"ಇಲ್ಲಿ ಎಲ್ಲರದೂ ಮಗು ವಿಷ್ಯಾನೇ. ನಡಿ, ನಡಿ."

ಪ್ರೇಟರ್ ಮಾತು ಬೆಳೆಸಲಿಲ್ಲ. ರಿಸೀವರ್ ಎತ್ತಿ ಗುಂಡಿಗಳನ್ನು ಒತ್ತಿದ. ಮೊದಲ ಚೇಲಾ ಬಂದು ಹೆಗಲ ಮೇಲೆ ಕೈಯಿಟ್ಟ. ಪ್ರೇಟರ್ ತಿರುಗಿ ಪ್ಲಾಸ್ಟರಿನ ಕೈಯನ್ನು ಕೊಡಲಿಯ ಹಾಗೆ ಬೀಸಿದ. ಚೇಲಾನ ಮೂಗು ಚಪ್ಪಟೆಯಾಗಿ, ರಕ್ತ ಇಸ್ಪೀಟೆಲೆಗಳ ಮೇಲೆ ಚಿಮ್ಮಿತು. ಮೂಳೆ ಕೂಡುತ್ತಿದ್ದ ಕೈಯಲ್ಲಿ ನೋವು ಸಿಡಿದು ಪ್ರೇಟರ್‌ಗೆ ಕಣ್ಣು ಕತ್ತಲೆ ಬಂತು. ಬೆನ್ನನ್ನು ಮೂಲೆಗೆ ಆನಿಸಿ, ರಿಸೀವರನ್ನು ಕೆನ್ನೆ ಹೆಗಲುಗಳ ನಡುವೆ ಇರುಕಿಸಿಕೊಂಡು ನಿಂತ.

ಜೈಲಿನಿಂದ ಕರೆ ಬಂದಿದೆ, ಒಪ್ಪಿಗೆಯಿದ್ದರೆ ಒಂದನ್ನು ಒತ್ತಿ ಎಂದು ಯಂತ್ರ ಉಲಿಯಿತು. ಎರಡನೆಯವನು ತಲೆ ತಗ್ಗಿಸಿಕೊಂಡು ಗೂಳಿಯಂತೆ ನುಗ್ಗಿದ. ಪ್ರೇಟರ್ ಮಂಡಿಯಿಂದ ಅವನ ಬಾಯಿಗೆ ಗುದ್ದಿದ.

"ಯಾಕೆ ಮಾಡ್ದೆ?" ಲೀಟಾಳ ದನಿ. "ಬೈಯೋಣ ಅಂತಲೇ ಎತ್ತಿದೀನಿ. ಡಾಕ್ಟ್ರು ಕೈಲೆಲ್ಲ ಫೋನ್ ಮಾಡಿಸ್ತೀಯಾ?"

"ಲೀಟಾ, ಇಡಬೇಡ. ಶೆಲ್ಬಿಗೆ ಈಗ್ಲೂ ತುತ್ತು ಸಿಕ್ಕುತ್ತಾ?"

"ನಿಂಗ್ಯಾಕೆ?" ಅವಳ ದನಿ ಬದಲಾಯಿತು. "ಏನದು ಸದ್ದು? ಏನಾಗ್ತಿದೆ ಅಲ್ಲಿ?"

"ಏನಿಲ್ಲ. ಕೇಳು. ಅದು ಹಟ ಅಲ್ಲ ಕಣೇ. ಕಾಯಿಲೆ. ನಂಗೂ ಇದೆ. ಅಪ್ಪಂಗೂ ಇತ್ತು ಅನ್ಸುತ್ತೆ. ಗಂಟಲು ಒಳಗಿಂದ ಊದ್ಕೊಳ್ಳುತ್ತೆ, ಹಾಲು ಕುಡಿದ್ರೆ..."

ಮಲಿನ್ಸ್ ಎದ್ದ. ಅವನ ಮುಷ್ಟಿಯಲ್ಲಿ ಟೂತ್‌ಬ್ರಷ್ಷನ್ನು ಸಿಮೆಂಟಿಗೆ ಉಜ್ಜಿ ಮಾಡಿದ ಮೊಳೆಯಿತ್ತು. ಮೊದಲ ಇರಿತ ಪ್ಲಾಸ್ಟರಿಗೆ ಬಿತ್ತು. ಎರಡನೆಯದು ಪಕ್ಕೆಗೆ ಇಳಿಯಿತು. ಪ್ರೇಟರ್ ಹಲ್ಲು ಕಚ್ಚಿ ಅವನ ಮಣಿಕಟ್ಟು ಹಿಡಿದ. ಇಬ್ಬರ ಹಣೆಗಳೂ ಒಂದಕ್ಕೊಂದು ಒತ್ತಿಕೊಂಡವು.

"ನೀನು ಹೊಡೆದ್ಯಲ್ಲೋ ಅವಳನ್ನ," ಲೀಟಾ ಅಳುತ್ತಿದ್ದಳು. "ಅದೇ ತುತ್ತಿಗೆ ಹಲ್ಲು ಉದುರಿಸಿದ್ಯಲ್ಲೋ!"

"ಹೊಡೆದೆ. ಕಾಯಿಲೆ ಮಗೂನ ಹೊಡೆದೆ. ನನ್ನನ್ನ ನಂಬಬೇಡ ನೀನು. ಕಾಡಿಲ್ ಅಂತ ಡಾಕ್ಟ್ರು, ನಿಂಗೆ ಫೋನ್ ಮಾಡಿದ್ರಲ್ಲ, ಅವರ ಹತ್ರ ಕರ್ಕೊಂಡು ಹೋಗು. ಕ್ಯಾಮರಾ ಬಿಟ್ಟು ಚೂರು ತೆಗೆದು ನೋಡಿ ಅನ್ನು. ಅವಳ ಅಪ್ಪಂಗೆ ಇದೆ ಅನ್ನು. ಹೇಳು, ಯಾವ ಡಾಕ್ಟ್ರು?"

"ಡೆಲ್ಬರ್ಟ್..."

"ಯಾವ ಡಾಕ್ಟ್ರು ಹೇಳೇ!"

"ಕಾಡಿಲ್."

ಪ್ರೇಟರ್ ರಿಸೀವರ್ ಬಿಟ್ಟ. ಎರಡೂ ಕೈಗಳಿಂದ ಮಲಿನ್ಸ್‌ನ ಕತ್ತು ಹಿಡಿದು ಅವನ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮತ್ತೆ ಎತ್ತಿದವನು ಏಕೋ ಕೈ ಸಡಿಲಿಸಿದ. ಮಲಿನ್ಸ್ ಗೋಡೆಗುಂಟ ಜಾರಿ ಕೂತ. ಅಷ್ಟರಲ್ಲಿ ಸೈರನ್ ಮೊಳಗಿ, ಹೆಲ್ಮೆಟ್ ಹಾಕಿದ ವಾರ್ಡರುಗಳು ನುಗ್ಗಿ ಬಂದು ಇಬ್ಬರನ್ನೂ ಹುಡಿಯೆಬ್ಬಿಸಿ ಬಡಿದರು.

ಮೊಳೆ ಪಕ್ಕೆಲುಬಿಗೆ ತಾಗಿ ಜಾರಿದ್ದರಿಂದ ಜೀವ ಉಳಿಯಿತು. ಆ ವರ್ಷ ಸಿಗಬೇಕಿದ್ದ ಪೆರೋಲು ಹೋಯಿತು. ಮುರಿದ ಕೈಗೆ ಹೊಸ ಪ್ಲಾಸ್ಟರು ಹಾಕಿ ಒಂಟಿ ಕೋಣೆಗೆ ತಳ್ಳಿದರು. ಅಲ್ಲಿ ಬಾಗಿಲ ಕಿಂಡಿಯಿಂದ ಊಟ, ಕಿಂಡಿಯಿಂದಲೇ ಔಷಧಿ. ಬೇಗ ತಿನ್ನು ಎನ್ನುವವರಿರಲಿಲ್ಲ. ಮಾತಾಡುವವರೂ ಇರಲಿಲ್ಲ. ಹೀಗೇ ಒಂದು ದಿನ ಬೇಯಿಸಿದ ಕೋಳಿ ತಿನ್ನುತ್ತಿದ್ದವನು ತಟ್ಟೆ ಬರಿದಾದ ಮೇಲೆ ನೋಡಿದರೆ ನೀರಿನ ಲೋಟ ತುಂಬಿದಂತೆಯೇ ಇತ್ತು. ನೀರಿಲ್ಲದೆ ಅಷ್ಟೂ ಇಳಿದಿತ್ತು. ಅವನಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಊಟವೆಂದರೆ ಉಳಿದವರಿಗೆಲ್ಲ ಇಷ್ಟು ಸುಲಭವಾಗಿತ್ತೇ! ಖಾಲಿ ತಟ್ಟೆಯನ್ನು ಗೋಡೆಗೆ ಎಸೆದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದ.

ಮತ್ತೆ ಕ್ಯಾಮರಾ ಬಿಟ್ಟು ನೋಡಿದ ಕಾಡಿಲ್, ಗುಂಪು ಚದುರಿದೆ, ಅಲ್ಲೊಂದು ಇಲ್ಲೊಂದು ಕಣ ಉಳಿದಿದೆ ಎಂದಳು. ಗಟ್ಟಿಯಾಗಿದ್ದ ಬಳೆಗಳನ್ನು ಪುಟ್ಟ ಬಲೂನಿನಿಂದ ಹಿಗ್ಗಿಸಿದಳು. ಎರಡು ದಿನ ಎದೆ ಕಿತ್ತುಹೋಗುವ ಹಾಗೆ ನೋಯಿತು. ಶೆಲ್ಬಿಯ ಸುದ್ದಿ ಕೇಳಿದ್ದಕ್ಕೆ, "ಬೇರೆ ರೋಗಿಯ ವಿಷಯ ನಾನು ಬಾಯಿಬಿಡೋ ಹಾಗಿಲ್ಲ," ಎಂದಳು. ಆ ಮಾತಿನಲ್ಲೇ ಅವನಿಗೆ ಅರ್ಧ ಉತ್ತರ ಸಿಕ್ಕಿತ್ತು.

ಉಳಿದರ್ಧ ಮರುವರ್ಷದ ವಸಂತದಲ್ಲಿ ಬಂತು. ಸಂದರ್ಶಕರ ಕೋಣೆಯ ಗಾಜಿನಾಚೆ ಲೀಟಾ ಒಬ್ಬಳೇ ಕೂತಿದ್ದಳು. ಸೊರಗಿದ್ದಳು. ಅವನ ಹುಬ್ಬಿನ ಮೇಲಿನ ಹೊಸ ಗಾಯದ ಗುರುತು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದಳು.

"ಅದೇ ಕಾಯಿಲೆ," ಎಂದಳು. "ಚಿಕ್ಕಂದಿನಿಂದಲೂ ಇತ್ತು ಅಂದ್ರು ಡಾಕ್ಟ್ರು. ಹಾಲು ನಿಲ್ಸಿದ್ವಿ, ಸಾಲಲಿಲ್ಲ. ಗೋಧೀನೂ ನಿಲ್ಸಿದ್ವಿ. ಈಗ ತಿಂತಾಳೆ. ತೂಕ ಬಂದಿದೆ. ಹೊಟ್ಟೆನೋವು ಅನ್ನಲ್ಲ."

"ಮಾಂಸ?"

"ಮಾಂಸಾನೂ ತಿಂತಾಳೆ."

ಪ್ರೇಟರ್ ತಲೆಯಾಡಿಸಿದ. ಕೇಳಬಾರದೆಂದುಕೊಂಡಿದ್ದರೂ ಬಾಯಿಂದ ಬಂದುಬಿಟ್ಟಿತು. "ನನ್ನನ್ನ ಕೇಳ್ತಾಳಾ?"

"ಇಲ್ಲ." ಲೀಟಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಸುಳ್ಳು ಹೇಳೋಕೆ ಇಷ್ಟು ದೂರ ಬರ್ಲಿಲ್ಲ ನಾನು. ಗಂಟಲು ವಾಸಿ ಆಯ್ತು, ಡೆಲ್ಬರ್ಟ್. ಆದ್ರೆ ಊಟದ ಹೊತ್ನಲ್ಲಿ ಯಾರಾದ್ರೂ ಮೇಜಿನಿಂದ ಎದ್ರೆ ಸಾಕು, ಉಪ್ಪು ತರೋಕೆ ಎದ್ರೂ ಸರಿ, ಚಮಚ ಕೆಳಗಿಟ್ಟು ಎರಡು ಕೈಲೂ ಮುಖ ಮುಚ್ಕೋತಾಳೆ. ಅದಕ್ಕೆ ಕಾಡಿಲ್ ಹತ್ರ ಔಷಧಿ ಇಲ್ವಂತೆ."

ಅವನ ಹಿಂದೆ ನಿಂತಿದ್ದ ವಾರ್ಡರ್ ಗಡಿಯಾರ ನೋಡಿ ಕೆಮ್ಮಿದ.

"ಹಂಗಾದ್ರೆ ಒಂದು ಕೆಲ್ಸ ಮಾಡಿ," ಎಂದ ಪ್ರೇಟರ್. "ಬೇಕಾದ್ದೆಲ್ಲ ಮೊದ್ಲೇ ಮೇಜಿನ ಮೇಲೆ ತಂದಿಟ್ಕೊಳ್ಳಿ. ಅವಳು ತಿಂದು ಮುಗಿಸೋ ತನಕ ಯಾರೂ ಏಳ್ಬೇಡಿ. ಎಷ್ಟೊತ್ತಾದ್ರೂ ಸರಿ, ಕೂತೇ ಇರಿ."

"ಕೂತೇ ಇರ್ತೀವಿ," ಎಂದಳು ಲೀಟಾ.